ಏಳನೇ ತಾಕು

ಕಾಲೇಜಿಗಿಂತ ಮೊದಲು ಬಂದದ್ದು ಸ್ಟಾಕು ಪುಸ್ತಕ.
ಸೊಸೈಟಿಯ ಹಳೇ ಭತ್ತದ ಗೋದಾಮಿನಲ್ಲಿ ಕೂತು
ಕೆಂಪು ರಟ್ಟು ಬಿಚ್ಚಿ ಮೊದಲ ಸಾಲು ಬರೆದವ ನಾನು:
ರೈಲು ಕಂಬಿಯ ತುಂಡು ಒಂದು, ಗಂಟೆಗಾಗಿ.
ರೈಲೇ ಇಲ್ಲದ ಜಿಲ್ಲೆ ನಮ್ಮದು;
ಊರ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡಿದರು.

ಇಪ್ಪತ್ತಮೂರು ಮಂದಿ ಮೊದಲ ತಂಡ.
ಬೆಂಚು ಬರುವವರೆಗೆ ಗೋಣಿಚೀಲದ ಮೇಲೆ ಪಾಠ,
ಸಂಜೆ ಎದ್ದರೆ ಪ್ಯಾಂಟಿಗೆಲ್ಲ ಹೊಟ್ಟು.
ಹಾಸ್ಟೆಲಿನ ಸೂರಿಗೆ ತಗಡು ಬಂದದ್ದು ಸೆಪ್ಟೆಂಬರಿಗೆ,
ಮಳೆಯೆಲ್ಲ ಮುಗಿಸಿಕೊಂಡು, ಸಮಾಧಾನವಾಗಿ.
ಜಿಗಣೆಗೆಂದು ಸುಣ್ಣ, ಹೊಗೆಸೊಪ್ಪು ಇಂಡೆಂಟು ಹಾಕಿದೆ;
'ಯಾವ ಲೆಕ್ಕಶೀರ್ಷಿಕೆ?' ಎಂದು ಕೇಳಿ ವಾಪಸು ಬಂತು.

ಪ್ರಿನ್ಸಿಪಾಲರು ಶಿವಯೋಗಪ್ಪ ಕಬ್ಬೂರ, ಎರೆಮಣ್ಣಿನ ಸೀಮೆಯವರು.
ಗದ್ದೆಯ ಬದುವಿನ ಮೇಲೆ ನಡೆಯಲು ಬರದೆ
ಮೊದಲ ವಾರವೇ ಎರಡು ಸಲ ಬಿದ್ದರು.
ನಾಟಿ ಕಲಿಸಿದ್ದು ಎರವರ ಬೊಳ್ಳಿ, ದಿನಗೂಲಿ.
ಹುಡುಗರ ಸಾಲಿನ ಹಿಂದೆಯೇ ಬಂದು
ನೆಟ್ಟದ್ದನ್ನು ಕಿತ್ತು ಮತ್ತೆ ನೆಡುವಳು,
ಮಾತಿಲ್ಲ. ಅಂಕ ಕೊಡುವ ಅಧಿಕಾರ ಅವಳಿಗಿದ್ದಿದ್ದರೆ
ಆ ವರ್ಷ ಯಾರೂ ಪಾಸಾಗುತ್ತಿರಲಿಲ್ಲ.

ಜಮೀನು ಕೊಟ್ಟವರು ಮಾಚಯ್ಯ.
ಪತ್ರದಲ್ಲಿ ಚೆಕ್ಕುಬಂದಿಯಿತ್ತು, ನೀರಿನ ಹಕ್ಕಿತ್ತು,
ತೋಡಿನಾಚೆಯ ಹಲಸಿನ ಮರವೂ ಇತ್ತು.
ಒಂದು ಮಾತು ಮಾತ್ರ ಬಾಯಲ್ಲೇ ಉಳಿದಿತ್ತು:
ಹುತ್ತರಿಗೆ ನಮ್ಮ ಮನೆಯವರು ಕದಿರು ತೆಗೆಯುವುದು
ಆ ಮೂಲೆಯಲ್ಲೇ.
ಸರಿ ಎಂದು ತಲೆಯಾಡಿಸಿದ್ದ ಅಧಿಕಾರಿಗೆ ವರ್ಗವಾಗಿತ್ತು.
ಆ ಮೂಲೆಯಲ್ಲೀಗ ಮೊಳೆ ಹೊಡೆದ ಹಲಗೆ:
ತಾಕು ೭. ತಳಿ ೩. ಗೊಬ್ಬರ ಇಲ್ಲ.

ಹುಣ್ಣಿಮೆ. ಗದ್ದೆಯ ಮೇಲೆ ಮೊಣಕಾಲೆತ್ತರ ಮಂಜು.
ಬೇಲಿಯ ಹೊರಗೆ ದೀಪ, ಕೋವಿ, ಕುಡುಗೋಲಿಟ್ಟ ಕುಕ್ಕೆ,
ಮಾಚಯ್ಯನವರ ಮನೆಮಂದಿಯೆಲ್ಲ.
ಒಳಗೆ ಟಾರ್ಚು ಹಿಡಿದು ಪ್ರಿನ್ಸಿಪಾಲರು:
"ಇದು ಪ್ರಯೋಗ ಐತ್ರಿ. ಒಂದು ತೆನಿ ಹೋದ್ರೂ
ಇಡೀ ವರ್ಷದ ಲೆಕ್ಕ ಹಾಳು."
ಬೀಗದ ಕೈ ನನ್ನ ಜೇಬಿನಲ್ಲಿ.
ಆ ಚಳಿಯಲ್ಲೂ ಅಂಗೈ ಬೆವರಿತ್ತು.

ಅಷ್ಟರಲ್ಲಿ ದೂರದ ಯಾವುದೋ ಗದ್ದೆಯಲ್ಲಿ ಈಡು ಹಾರಿತು,
ಅದರ ಬೆನ್ನಿಗೇ ಕೂಗು: ಪೊಲಿ ಪೊಲಿ ದೇವಾ!
ಗುಡ್ಡದಿಂದ ಗುಡ್ಡಕ್ಕೆ, ಪೊಲಿ ಪೊಲಿ.
ಟಾರ್ಚು ಕೆಳಗಿಳಿಯಿತು.
"ಏನಂತಾರ ಅವರು?"
"ಹೆಚ್ಚಲಿ ಅಂತ ಸರ್. ತುಂಬಲಿ ಅಂತ."
ಸುಮ್ಮನೆ ನಿಂತರು. ಆಮೇಲೆ ನನಗಷ್ಟೇ ಕೇಳುವಂತೆ,
ಜೋಳದ ಹೊಲದಲ್ಲಿ ಚರಗ ಚೆಲ್ಲುವ ಹುಡುಗನ ದನಿಯಲ್ಲಿ,
"ಹುಲ್ಲುಲ್ಲಿಗೋ" ಎಂದರು.
"ಗೇಟು ತಗೀರಿ."

ಬೆಸ ಸಂಖ್ಯೆ ಇರಬೇಕು, ಮಾಚಯ್ಯ ಎಣಿಸಿಯೇ ಕೊಯ್ದರು.
ಪ್ರಿನ್ಸಿಪಾಲರೂ ಎಣಿಸಿದರು, ಬೇರೆ ಕಾರಣಕ್ಕೆ.
ಬೆಳಗಾದಾಗ ಫೀಲ್ಡ್ ಪುಸ್ತಕದಲ್ಲಿ ಅವರದೇ ಅಕ್ಷರ:
ತಾಕು ೭, ಇಲ್ಲವಾದ ತಾಕು.

ಸಂಖ್ಯಾಶಾಸ್ತ್ರದಲ್ಲಿ ಅದಕ್ಕೊಂದು ಸೂತ್ರವಿದೆಯಂತೆ.
ಕಳೆದುಹೋದದ್ದು ಎಷ್ಟಿರಬಹುದಿತ್ತೆಂದು
ಅಕ್ಕಪಕ್ಕದವರನ್ನು ಕೇಳಿ ತಿಳಿಯುವುದು.
ಬೊಳ್ಳಿಗೆ ಇದನ್ನು ಹೇಳಿದೆ.
"ನಮ್ಮ ಹಾಡಿಯಲ್ಲೂ ಹಾಗೇ" ಎಂದಳು, ಕಳೆ ಕೀಳುತ್ತ.
ಯಾರ ಲೆಕ್ಕ ಹೇಳಿದಳೋ, ನಾನು ಕೇಳಲಿಲ್ಲ.

ಮರುವರ್ಷ ಕಬ್ಬೂರರೊಂದು ಉಪಾಯ ಹೂಡಿದರು:
ದೇವರಿಗೆ ಗಡಿಸಾಲು. ಹೇಗೂ ತೂಕಕ್ಕೆ ಹಾಕದೆ ಬಿಡುವಂಥದು.
ಮಾಚಯ್ಯ ನಕ್ಕರು: "ಲೆಕ್ಕಕ್ಕಿಲ್ಲದ್ದನ್ನು
ಮನೆಗೆ ಹೊತ್ತುಕೊಂಡು ಹೋಗುವುದೇ, ಡಾಕ್ಟ್ರೇ?"
ಮತ್ತೆ ಏಳನೇ ತಾಕೇ.

ಹನ್ನೊಂದನೇ ವರ್ಷ ಆಡಿಟಿನವರು ಕೆಂಪು ಶಾಯಿಯಲ್ಲಿ ಕೇಳಿದರು:
ಪ್ರತಿ ಹುತ್ತರಿಗೂ ಒಂದು ಹಿಡಿ ಕಮ್ಮಿ. ಮಂಜೂರಾತಿ ಯಾರದು?
ಆಗ ಕಟ್ಟಡವಿತ್ತು, ಕರೆಂಟಿನ ಗಂಟೆಯಿತ್ತು,
ಕಂಬಿಯ ತುಂಡು ತುಕ್ಕು ಹಿಡಿದು ಬಾಗಿಲಿಗೆ ಒತ್ತಾಗಿತ್ತು.
ಕಬ್ಬೂರರು ಊರು ಸೇರಿ ಆರು ವರ್ಷ.
ಬೊಳ್ಳಿ ಇನ್ನೂ ದಿನಗೂಲಿ.
ಉತ್ತರ ಬರೆಯಲು ಕೂತೆ:
ಮಾನ್ಯರೇ, ತಾಕು ಏಳರಲ್ಲಿ ಮೊದಲಿನಿಂದಲೂ
ಅಷ್ಟಕ್ಕೇ ಪೆನ್ನು ನಿಂತಿತು.
ಕಿಟಕಿಯಾಚೆ ಸೋನೆಮಳೆ. ಹೊಸ ಹುಡುಗರ ಸಾಲಿನ ಹಿಂದೆ
ಬಾಗಿ ಬರುತ್ತಿದ್ದಳು ಅವಳು,
ನೆಟ್ಟದ್ದನ್ನು ಕೀಳುತ್ತ, ಮತ್ತೆ ನೆಡುತ್ತ.